ಇಂಚು, ಸೆಂಟು ಮತ್ತು ನಾನು

ನಾನು ಸುಳ್ಳು ಹೇಳುವವನಲ್ಲ, ಅಂದಾಜು ಹೇಳುವವನು. ಇವೆರಡಕ್ಕೂ ಇರುವ ವ್ಯತ್ಯಾಸವನ್ನು ನನ್ನ ಹೆಂಡತಿ ಸುಮಾಳಿಗೆ ಮದುವೆಯಾದಾಗಿನಿಂದ ವಿವರಿಸುತ್ತಲೇ ಬಂದಿದ್ದೇನೆ, ಅವಳ ತಲೆಗೆ ಇನ್ನೂ ಹತ್ತಿಲ್ಲ. ಹತ್ತು ನಿಮಿಷದಲ್ಲಿ ಬರುತ್ತೇನೆ ಎಂದು ಮೂಡಿಗೆರೆಯಿಂದ ಫೋನ್ ಮಾಡಿ ಒಂದೂವರೆ ಗಂಟೆಯ ಮೇಲೆ ಮನೆ ಮುಟ್ಟಿದರೆ ಅದು ಸುಳ್ಳಲ್ಲ, ಅಂದಾಜು ಸ್ವಲ್ಪ ಆಚೀಚೆ ಆದದ್ದು. ಹೆಣ್ಣು ನೋಡಲು ಹೋದಾಗ ಅವರ ಕಡೆಯವರು ನನ್ನ ಎತ್ತರ ಕೇಳಿದ್ದರು. ಆಗಲೂ ನಾನು ಹೇಳಿದ್ದು ಅಂದಾಜನ್ನೇ. ಮದುವೆ ದಿನ ಫೋಟೋ ತೆಗೆಯುವವನು ಸುಮಾಳನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದ. ಆ ಫೋಟೋ ಇವತ್ತಿಗೂ ನಮ್ಮ ಮನೆಯ ಹಾಲ್‌ನಲ್ಲಿ ತೂಗುತ್ತಿದೆ, ಬಂದವರಿಗೆಲ್ಲ ಅವಳು ಮೆಟ್ಟಿಲಿನ ಕಥೆ ಹೇಳುತ್ತಾಳೆ.

ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ರೈಟರ್ ಎಂದರೆ ಕಥೆ, ಕಾದಂಬರಿ ಬರೆಯುವವನಲ್ಲ. ಇವತ್ತು ಎಷ್ಟು ಜನ ಕೆಲಸಕ್ಕೆ ಬಂದರು, ಎಷ್ಟು ಚೀಲ ಗೊಬ್ಬರ ಹೋಯಿತು, ಎಷ್ಟು ಮಳೆ ಬಂತು ಎಂದು ದಿನಾ ಬರೆದಿಡುವವನು. ಹಾಗೆಂದು ಇದು ಕಲ್ಪನಾಶಕ್ತಿ ಬೇಡದ ಕೆಲಸ ಎಂದು ಯಾರೂ ತಿಳಿಯಬಾರದು. ಮುಖ್ಯವಾಗಿ ಮಳೆಯ ವಿಷಯದಲ್ಲಿ. ಸರ್ಕಾರದವರು ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯಬಹುದು, ಕಾಫಿ ಎಸ್ಟೇಟಿನಲ್ಲಿ ಮಾತ್ರ ಮಳೆ ಬರುವುದು ಇಂಚು, ಸೆಂಟಿನಲ್ಲೇ. ಒಂದು ಇಂಚಿಗೆ ನೂರು ಸೆಂಟು. ಬಯಲುಸೀಮೆಯಿಂದ ಬಂದ ನನ್ನ ಷಡ್ಡಕ ಒಮ್ಮೆ ಎಪ್ಪತ್ತು ಸೆಂಟು ಬಂತು ಎಂದು ನಾವು ಖುಷಿಪಡುವುದನ್ನು ಕೇಳಿ, ಜಮೀನು ಅಳೆಯುವ ಸೆಂಟು ಎಂದುಕೊಂಡು, ಜಾಗ ಯಾರು ಕೊಟ್ಟರು, ಖಾತೆ ಯಾರ ಹೆಸರಿಗೆ ಎಂದು ವಿಚಾರಿಸಿದ್ದ.

ಬೆಳಿಗ್ಗೆ ಎಂಟಕ್ಕೆ ರೈಟರ್ ರೈನ್ ಗೇಜ್ ನೋಡಿ ಬರೆಯಬೇಕು, ಎಂಟೂಕಾಲಿಗೆ ಸಾಹುಕಾರರಿಗೆ ಫೋನಿನಲ್ಲಿ ಹೇಳಬೇಕು. ಎಂಟೂವರೆಗೆ ಸಾಹುಕಾರರು ವಸ್ತಾರೆಯ ತಮ್ಮ ಭಾವನಿಗೆ ಫೋನ್ ಮಾಡಿ, ನಮ್ಮಲ್ಲಿ ಇಷ್ಟು, ನಿಮ್ಮಲ್ಲೆಷ್ಟು ಎಂದು ಕೇಳುತ್ತಾರೆ. ಭಾವನದ್ದು ಕಡಿಮೆಯಿದ್ದರೆ ಆ ದಿನ ಎಸ್ಟೇಟಿನಲ್ಲಿ ಯಾರಿಗೂ ಬೈಗುಳವಿಲ್ಲ. ನಮ್ಮ ರೈನ್ ಗೇಜ್ ಇರುವುದು ಕಾಫಿ ಒಣಗಿಸುವ ಕಣದ ಆಚೆ, ಪೊದೆ ದಾಟಿ. ಜುಲೈಯಲ್ಲಿ ಅಲ್ಲಿಗೆ ಹೋಗಿ ಬಂದರೆ ಕಾಲಿಗೆ ಕನಿಷ್ಠ ಆರು ಇಂಬಳ ಹತ್ತಿ ರಕ್ತ ಹೀರುತ್ತವೆ. ಆರು ಎನ್ನುವುದು ಅಂದಾಜಲ್ಲ, ಕಿತ್ತು ಕಿತ್ತು ಎಣಿಸಿದ್ದೇನೆ. ಹಾಗಾಗಿ ನಾನೊಂದು ಸುಲಭದ ದಾರಿ ಕಂಡುಕೊಂಡಿದ್ದೆ. ಪಕ್ಕದ ಎಸ್ಟೇಟಿನ ರೈಟರ್ ಚಂದ್ರಣ್ಣ ಬಹಳ ಶಿಸ್ತಿನ ಮನುಷ್ಯ, ಅಂಗಿ ಇಸ್ತ್ರಿ ಹಾಕದೆ ಹೊರಗೆ ಬರುವವನಲ್ಲ. ಬೆಳಿಗ್ಗೆ ಕುರ್ಚಿಯಲ್ಲಿ ಕೂತೇ ಅವನಿಗೆ ಫೋನ್ ಮಾಡುತ್ತಿದ್ದೆ. ಅವನು ಮೊದಲು ನಿಮ್ಮಲ್ಲೆಷ್ಟು ಎನ್ನುತ್ತಿದ್ದ. ನಾನು ಹಂಚಿನ ಮೇಲಿನ ಸದ್ದು ಕೇಳಿಸಿಕೊಂಡು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವನು ಒಂಚೂರು ತಡೆದು, ನಮ್ಮಲ್ಲಿ ಅದಕ್ಕಿಂತ ಹತ್ತು ಸೆಂಟು ಕಡಿಮೆ ಎನ್ನುತ್ತಿದ್ದ. ಅವನ ಅಂಕಿಗೆ ಸಾಹುಕಾರರ ಮರ್ಯಾದೆಗೆಂದು ಐದು ಸೆಂಟು ಸೇರಿಸಿ ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ. ವರ್ಷಗಟ್ಟಲೆ ಹೀಗೆ ನಡೆಯಿತು, ಯಾರಿಗೂ ತೊಂದರೆಯಾಗಲಿಲ್ಲ.

ತೊಂದರೆ ಬಂದದ್ದು ವಿಜ್ಞಾನದಿಂದ. ನನ್ನ ಮಗಳು ಧನ್ಯ ಎಂಟನೇ ಕ್ಲಾಸು. ಮೂಡಿಗೆರೆಯ ವಿಜ್ಞಾನ ಮೇಳಕ್ಕೆ ಅವಳ ಶಾಲೆಯಿಂದ ಒಂದೇ ಪ್ರಾಜೆಕ್ಟ್ ಕಳಿಸುವುದು, ಅದು ಅವಳದ್ದು. ಜ್ಯೂಸ್ ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಿ, ಹದಿನೈದು ದಿನ ಅಳೆದು, ಅದನ್ನು ನಂಬಿಕಸ್ಥ ದಾಖಲೆಯೊಂದಕ್ಕೆ ಹೋಲಿಸಿ ಮಾತನಾಡಬೇಕು. ನಮ್ಮಪ್ಪನೇ ಎಸ್ಟೇಟಿನ ಮಳೆ ಬರೆಯುವುದು ಎಂದಳಂತೆ. ಅವಳ ಮಿಸ್ಸು, ಇದಕ್ಕಿಂತ ನಂಬಿಕಸ್ಥ ದಾಖಲೆ ಎಲ್ಲಿ ಸಿಗುತ್ತದೆ ಎಂದರಂತೆ. ಈ ಮಾತು ಕೇಳಿ ನಾನು ಎಷ್ಟು ಉಬ್ಬಿದೆನೆಂದರೆ, ಪುಸ್ತಕವನ್ನು ನಾನೇ ಮನೆಗೆ ತಂದು ಅವಳ ಕೈಗಿಟ್ಟೆ. ಸುಮಾ ಒಲೆ ಮುಂದಿನಿಂದ ತಿರುಗಿ ನನ್ನನ್ನೊಮ್ಮೆ ನೋಡಿದಳು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ.

ಮೇಳಕ್ಕೆ ಮೂರು ದಿನವಿದೆ ಎನ್ನುವಾಗ ಧನ್ಯ ಚಾರ್ಟಿನ ಮೇಲೆ ಎರಡು ಗೆರೆ ಎಳೆದಳು. ನೀಲಿ ಬಾಟಲಿಯದ್ದು, ಕೆಂಪು ನನ್ನದು. ಮಂಗಳವಾರ ಬಾಟಲಿಯಲ್ಲಿ ಒಂದು ಇಂಚು ಹತ್ತು ಸೆಂಟು, ನನ್ನಲ್ಲಿ ಮೂರು ಇಂಚು ಐದು ಸೆಂಟು. ಶುಕ್ರವಾರ ಬಾಟಲಿ ಖಾಲಿ, ನನ್ನಲ್ಲಿ ನಲವತ್ತು ಸೆಂಟು. ಆ ಶುಕ್ರವಾರ ಬಿಸಿಲಿತ್ತು, ನಾವು ಹಾಸಿಗೆ ಒಣಗಿಸಿದ್ದೆವು. ಮಳೆ ಒಂದೊಂದು ಕಡೆ ಒಂದೊಂದು ಥರ ಬೀಳುತ್ತದೆ ಎಂದು ನಾನು ಸಮಜಾಯಿಷಿ ಕೊಟ್ಟೆ. ಧನ್ಯ ಚಾರ್ಟ್ ನೋಡುತ್ತಾ ಅಳಲು ಶುರುಮಾಡಿದಳು.

"ಅಪ್ಪ, ನನ್ನ ಬಾಟಲಿನೇ ಸರಿ ಇಲ್ಲ. ನೀವು ಬರ್ದಿರೋದನ್ನೇ ನೀಲಿ ಗೆರೆಗೂ ಹಾಕ್ಬಿಡ್ತೀನಿ," ಎಂದಳು.

ನನಗೆ ನಿಜವಾಗಿಯೂ ಸಂಕಟವಾಯಿತು. ಅವಳು ಹದಿನೈದು ದಿನ ರೇನ್‌ಕೋಟ್ ಹಾಕಿಕೊಂಡು, ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಬಗ್ಗಿ ಅಳೆದ ಅಂಕಿಗಳವು. ಅವನ್ನು ಅಳಿಸಿ ನನ್ನ ಅಂದಾಜು ಬರೆಯಲು ಹೊರಟಿದ್ದಳು. ಆದರೂ ನಾನು ಬಾಯಿ ಬಿಡಲಿಲ್ಲ, ಅಪ್ಪನ ಮರ್ಯಾದೆಯ ಪ್ರಶ್ನೆ. ಅವಳು ಕಣ್ಣೊರೆಸಿಕೊಂಡು, ಎಸ್ಟೇಟಿನ ರೈನ್ ಗೇಜ್ ಒಮ್ಮೆ ನೋಡಿ ಬರುತ್ತೇನೆ ಎಂದು ಛತ್ರಿ ತೆಗೆದುಕೊಂಡು ಹೊರಟೇಬಿಟ್ಟಳು. ನಾನು ಇಂಬಳ ಇಂಬಳ ಎಂದು ಕೂಗಿದರೂ ಕೇಳಲಿಲ್ಲ.

ಅರ್ಧ ಗಂಟೆಗೆ ವಾಪಸು ಬಂದು ನನ್ನ ಎದುರು ನಿಂತಳು. "ಅಪ್ಪ, ರೈನ್ ಗೇಜ್ ಬಾಯಲ್ಲಿ ಎಲೆ ಕಟ್ಕೊಂಡು ನೀರು ನಿಂತಿದೆ. ಅದ್ರೊಳಗೆ ಕಪ್ಪೆ ಸಂಸಾರ ಮಾಡ್ತಿದೆ. ಗೊದಮೊಟ್ಟೆ ಎಲ್ಲಾ ಇದಾವೆ."

ಎಲ್ಲವನ್ನೂ ಒಪ್ಪಿಕೊಂಡೆ. ಕುರ್ಚಿ, ಫೋನು, ಐದು ಸೆಂಟು, ಯಾವುದನ್ನೂ ಮುಚ್ಚಿಡಲಿಲ್ಲ. ಸುಮಾ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಕೇಳಿದಳು, ಮದುವೆ ಫೋಟೋ ಕಡೆ ಒಮ್ಮೆ ನೋಡಿದಳು. ಹಾಗಾದರೆ ಚಂದ್ರಣ್ಣ ಮಾಮನ ಅಂಕಿ ಸರಿಯಿರಬೇಕು, ಅದಕ್ಕೇ ಹೋಲಿಸುತ್ತೇನೆ ಎಂದಳು ಧನ್ಯ. ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ವಿಷಯವೆಲ್ಲ ಹೇಳಿದೆ. ಆ ಕಡೆಯಿಂದ ಚಂದ್ರಣ್ಣನ ದನಿ ಮೆಲ್ಲಗೆ ಬಂತು.

"ಏನ್ ಮಾರಾಯ, ನಮ್ಮ ಗೇಜ್ ಮರದ ಕೊಂಬೆ ಬಿದ್ದು ಚಪ್ಪಟೆ ಆಗಿ ಮೂರು ವರ್ಷ ಆಯ್ತು. ನಾನು ನಿನ್ನನ್ನೇ ನಂಬ್ಕೊಂಡು ಬರೀತಿದ್ದೆ."

ಅಂದರೆ ಎರಡು ಎಸ್ಟೇಟಿಗೆ ಮೂರು ವರ್ಷ ಮಳೆ ಸುರಿಸಿದ್ದು ನನ್ನ ಬಾಯಿ. ಧನ್ಯ ಕೆಂಪು ಗೆರೆ ಇಟ್ಟುಕೊಳ್ಳಲಾ, ತೆಗೆಯಲಾ ಎಂದು ಕೇಳಿದಳು. ಇದ್ದದ್ದು ಇದ್ದ ಹಾಗೇ ಹೇಳು, ಎಸ್ಟೇಟಿನ ಹೆಸರೊಂದು ಬೇಡ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಮರುದಿನ ಮೇಳದ ಆಹ್ವಾನ ಪತ್ರಿಕೆ ಬಂತು. ಮುಖ್ಯ ಅತಿಥಿ ನಮ್ಮ ಸಾಹುಕಾರರು. ಆ ಹೊತ್ತಿಗೆ ಅವಳ ಭಾಷಣ ಬಾಯಿಪಾಠವಾಗಿತ್ತು, ನನ್ನ ಕೆಲಸ ಹೋಗುವುದು ಅಂದಾಜಿಲ್ಲದೆ ಖಚಿತವಾಗಿತ್ತು.

ಮೇಳದ ದಿನ ನಾನು ಸಭಾಂಗಣದ ಕಂಬದ ಹಿಂದೆ ನಿಂತೆ. ಧನ್ಯ ಬಾಟಲಿ ತೋರಿಸಿದಳು, ಚಾರ್ಟ್ ತೋರಿಸಿದಳು, ಎಲ್ಲೂ ತಡವರಿಸಲಿಲ್ಲ. ತೀರ್ಪುಗಾರರೊಬ್ಬರು ಕನ್ನಡಕ ಸರಿಮಾಡಿಕೊಂಡು, ಎರಡೂ ಒಂದೇ ಊರಿನ ಮಳೆಯಲ್ಲವೇನಮ್ಮ, ಇಷ್ಟು ವ್ಯತ್ಯಾಸ ಹೇಗೆ ಎಂದು ಕೇಳಿದರು.

"ಸರ್, ನೀಲಿ ಗೆರೆ ಮಳೇಲಿ ನಿಂತು ಅಳೆದದ್ದು. ಕೆಂಪು ಗೆರೆ ಕುರ್ಚೀಲಿ ಕೂತು ಅಳೆದದ್ದು," ಎಂದಳು.

ಸಭೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹುಕಾರರು. ನಗುತ್ತಾ ನಗುತ್ತಾ ಚಾರ್ಟಿನ ಹತ್ತಿರ ಹೋಗಿ, ಮಂಗಳವಾರದ ಮೂರು ಇಂಚು ಐದು ಸೆಂಟನ್ನು ಓದಿದರು. ನಗು ನಿಂತಿತು. ಆ ಅಂಕಿಯನ್ನು ಅವರು ವಸ್ತಾರೆಯ ಭಾವನಿಗೆ ಎರಡು ಸಲ ಹೇಳಿದ್ದರೆಂದು ನನಗೆ ಗೊತ್ತಿತ್ತು. ಧನ್ಯಳಿಗೆ ಎರಡನೇ ಬಹುಮಾನ ಬಂತು. ಅವಳು ವೇದಿಕೆಯಿಂದ ಕಂಬದ ಕಡೆ ನೋಡಿ ಕೈಬೀಸಿದಾಗ ನನಗೆ ಕಣ್ಣು ತುಂಬಿತು, ಕೆಲಸ ಹೋದರೂ ಹೋಗಲಿ ಅನ್ನಿಸಿತು. ಹೊರಗೆ ಜೀಪಿನ ಹತ್ತಿರ ಸಾಹುಕಾರರು ನನ್ನನ್ನು ಕರೆದರು.

"ರೈಟ್ರೇ, ಆ ಕೆಂಪು ಗೆರೆ ಯಾವ ಎಸ್ಟೇಟಿಂದು ಅಂತ ನಂಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ನಮ್ಮ ಭಾವಂಗಂತೂ ಯಾವತ್ತೂ ಗೊತ್ತಾಗ್ಬಾರ್ದು. ನಾಳೆಯಿಂದ ಹೋಗಿ ನೋಡಿ ಬರೀರಿ," ಎಂದರು.

ಕಪ್ಪೆಯನ್ನು ಸಂಸಾರ ಸಮೇತ ತೋಟದ ಕೆರೆಗೆ ಬಿಟ್ಟು ರೈನ್ ಗೇಜ್ ತೊಳೆದೆ. ಅದರ ಮೇಲೂ ಧನ್ಯಳಿಗೆ ನನ್ನ ಮೇಲೆ ನಂಬಿಕೆ ಬಂದಿಲ್ಲ. ದಿನಾ ಬೆಳಿಗ್ಗೆ ಗೇಜಿನ ಫೋಟೋ ತೆಗೆದು, ಅವಳು ಬಸ್ಸು ಹತ್ತುವ ಮೊದಲು ತೋರಿಸಬೇಕು. ಹನ್ನೊಂದು ದಿನ ತಪ್ಪದೆ ತೋರಿಸಿದೆ. ಹನ್ನೆರಡನೆಯ ದಿನ ಮಳೆ ವಿಪರೀತವಾಗಿತ್ತು, ಹಿಂದಿನ ದಿನವೂ ಹೆಚ್ಚುಕಡಿಮೆ ಅಷ್ಟೇ ಬಂದಿತ್ತು, ನಾನು ಕುರ್ಚಿಯಲ್ಲಿದ್ದೆ. ಫೋಟೋ ನೋಡಿದ ಧನ್ಯ ಅದನ್ನು ದೊಡ್ಡದು ಮಾಡಿಕೊಂಡು ಮತ್ತೊಮ್ಮೆ ನೋಡಿದಳು.

"ಅಪ್ಪ, ನಿನ್ನೆ ಇದ್ದ ಬಸವನಹುಳ ಇವತ್ತೂ ಅಲ್ಲೇ ಕೂತಿದ್ಯಾ?" ಎಂದು ಕೇಳಿದಳು.

ನಾನು ಎದ್ದು ಛತ್ರಿ ಹುಡುಕಿದೆ. ಅದು ಆಗಲೇ ಸುಮಾಳ ಕೈಯಲ್ಲಿತ್ತು.