ನನ್ನ ರೇಖಿ, ನಮ್ಮವರ ಬಿ.ಪಿ.

ನಾನು ಕೈ ಇಟ್ಟಲ್ಲೆಲ್ಲ ಏನಾದರೊಂದು ಫಜೀತಿ ಆಗುವುದು ಈಗ ಮಾಮೂಲಾಗಿಬಿಟ್ಟಿದೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಹೀಗಿರಲಿಲ್ಲ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ, ದೆಹಲಿಯ ಪೀತಮ್‌ಪುರದ ನಮ್ಮ ಫ್ಲ್ಯಾಟಿನ ಕೆಳಮನೆಯ ಪಂಜಾಬಿ ಆಂಟಿಯ ಹತ್ತಿರ ರೇಖಿ ಕಲಿತೆ. ಅಲ್ಲಿಂದ ಶುರು.

ರೇಖಿ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಔಷಧಿ ಇಲ್ಲ, ಎಣ್ಣೆ ತಿಕ್ಕುವುದಿಲ್ಲ. ತಲೆ, ಕಣ್ಣು, ಎದೆ, ಹೊಟ್ಟೆ, ಮೊಣಕಾಲು, ಪಾದ ಅಂತ ಒಂದೊಂದು ಕಡೆ ಮೂರು ಮೂರು ನಿಮಿಷ ಅಂಗೈ ಇಟ್ಟು ಸುಮ್ಮನೆ ಇರಬೇಕು. ಇದರಿಂದ ಕಾಯಿಲೆ ವಾಸಿಯಾಗುತ್ತದೆ ಅಂತ ನಾನು ಯಾರಿಗೂ ಹೇಳಿಲ್ಲ. ಗುಳಿಗೆ ತಪ್ಪಿಸಬೇಡಿ ಅಂತಲೇ ಹೇಳುತ್ತೇನೆ. ಆದರೆ ಮೈ ಸಡಿಲವಾಗುತ್ತದೆ, ಮನಸ್ಸು ತಣ್ಣಗಾಗುತ್ತದೆ. ಅಷ್ಟನ್ನು ಕಣ್ಣಾರೆ ಕಂಡಿದ್ದೇನೆ.

ನಿಜ ಹೇಳಬೇಕೆಂದರೆ ನಾನು ಕಲಿತದ್ದು ನಮ್ಮ ಯಜಮಾನರಿಗಾಗಿ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಕಣ್ಣಿಗೆ ಪೊರೆ ಬಂದು ಪೇಪರಿನ ದಪ್ಪಕ್ಷರವೂ ಕಾಣದಾಗಿತ್ತು. ಮನೆಯಲ್ಲಿ ನೋಡಿದರೆ ಬಿ.ಪಿ. ನೂರಾ ಮೂವತ್ತು, ಆಸ್ಪತ್ರೆಯ ಬಾಗಿಲು ದಾಟಿದರೆ ನೂರಾ ತೊಂಬತ್ತು. ಎರಡು ಸಲ ಆಪರೇಷನ್ ಗೌನು ತೊಡಿಸಿ, ಎರಡು ಸಲವೂ "ಬಿ.ಪಿ. ಇಳಿದ ಮೇಲೆ ಬನ್ನಿ" ಅಂತ ವಾಪಸ್ ಕಳಿಸಿದ್ದರು. ಹೆದರಿಕೆ ಅಂತ ಒಪ್ಪಿಕೊಳ್ಳುವ ಜಾತಿಯಲ್ಲ ಅವರು. "ಅವರ ಮಷೀನೇ ಸರಿಯಿಲ್ಲ" ಎನ್ನುತ್ತಿದ್ದರು. ನನ್ನ ರೇಖಿಯ ಬಗ್ಗೆ ಅವರ ಅಭಿಪ್ರಾಯ ಇನ್ನೂ ಚಿಕ್ಕದು: "ಬೊಗಳೆ."

ಮಂಗಳವಾರದ ದಿಂಬು

ನನ್ನ ಮೊದಲ ಗಿರಾಕಿ ನಮ್ಮ ಭಜನೆ ಗುಂಪಿನ ಒಬ್ಬ ಕನ್ನಡದ ಹೆಂಗಸು. ಮನೆ ತುಂಬ ಜನ, ಎರಡು ಹೊತ್ತು ಅಡುಗೆ, ಸದಾ ತಲೆನೋವು. ದಿವಾನದ ಮೇಲೆ ಮಲಗಿಸಿ ಹಣೆಯ ಮೇಲೆ ಕೈ ಇಟ್ಟೆ. ಎದೆಯ ತನಕ ಬರುವಷ್ಟರಲ್ಲಿ ಗೊರಕೆ ಶುರುವಾಯಿತು. ಎಬ್ಬಿಸುವ ಹಾಗಿಲ್ಲ, ಅರ್ಧಕ್ಕೆ ಬಿಡುವ ಹಾಗೂ ಇಲ್ಲ. ಕಾಲು ಗಂಟೆ ಆ ಗೊರಕೆಯ ಮುಂದೆ ನಿಂತು ಪಾದದವರೆಗೆ ಮುಗಿಸಿದೆ.

ಆಕೆ ಎದ್ದು ಮೈ ಮುರಿದು, "ತಲೆನೋವು ಮಾಯ ಆಗೋಯ್ತು ಕಣ್ರೀ! ಇನ್ನು ನೀವು ಶುರು ಮಾಡಿ" ಅಂದರು.

ಪ್ರತಿ ಮಂಗಳವಾರ ಬರತೊಡಗಿದರು. ಮೂರನೇ ವಾರ ಬರುವಾಗ ಕಂಕುಳಲ್ಲಿ ಸ್ವಂತ ದಿಂಬಿತ್ತು. ಬಾಗಿಲು ತೆರೆದ ನಮ್ಮವರು ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು: "ಲೇ, ಇದು ರೇಖಿ ಅಲ್ಲ, ಧರ್ಮಶಾಲೆ. ಬಾಗಿಲಿಗೆ ಬೋರ್ಡು ಹಾಕಿಸ್ತೀನಿ."

ಕರೆಂಟು ಹೋದ ದಿನ

ಡಿಸೆಂಬರ್ ಚಳಿಯಲ್ಲಿ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಅಂಕಲ್ ಮೊಣಕಾಲು ಹಿಡಿದುಕೊಂಡು ಬಂದರು. ಕೈ ಇಟ್ಟ ಕೂಡಲೇ, "ವಾಹ್ ಬೆಹೆನ್‌ಜೀ, ಎಂಥಾ ಶಾಖ! ಎಂಥಾ ಶಕ್ತಿ!" ಎಂದು ಕಣ್ಣು ಮುಚ್ಚಿದರು. ಅವರು ಬರುವ ಮೊದಲು ನಾನು ಬಿಸಿನೀರಿನ ಚೀಲ ತುಂಬುತ್ತಿದ್ದೆ ಎಂಬುದನ್ನು ಹೇಳಲು ಬಾಯಿ ಬರಲಿಲ್ಲ. ಹೊಗಳಿಕೆ ಯಾರಿಗೆ ಬೇಡ? ಅಂಕಲ್ ನನ್ನ ಅಂಗೈ ಶಾಖದ ಸುದ್ದಿಯನ್ನು ನಾಲ್ಕೂ ಮಹಡಿಗೆ ಹಂಚಿದರು.

ಮುಂದಿನ ವಾರ ಹೇಳದೆ ಕೇಳದೆ ಬಂದರು. ನಾನು ಎರಡು ಕಟ್ಟು ಮೆಂತ್ಯ ಸೊಪ್ಪನ್ನು ನಲ್ಲಿ ನೀರಲ್ಲಿ ತೊಳೆಯುತ್ತಿದ್ದೆ. ದೆಹಲಿಯ ಚಳಿಗಾಲದ ನಲ್ಲಿ ನೀರು ಎಂಥದೆಂದು ಮುಟ್ಟಿದವರಿಗೇ ಗೊತ್ತು. ಕೈ ಒರೆಸಿಕೊಂಡು ಬಂದು ಅವರ ಮೊಣಕಾಲ ಮೇಲೆ ಇಟ್ಟೆ. ನೋವಿನ ಕಾಲು ಅಂತ ಕುಂಟುತ್ತ ಬಂದವರು ಸೋಫಾದಿಂದ ಅರ್ಧ ಅಡಿ ಮೇಲಕ್ಕೆ ನೆಗೆದರು.

"ಬೆಹೆನ್‌ಜೀ, ಇವತ್ತು ನಿಮ್ಮಲ್ಲಿ ಕರೆಂಟು ಹೋಗಿದೆಯಾ?"

ಕಳಿಸದ ರೇಖಿ

ಅಷ್ಟರಲ್ಲಿ ಎರಡನೇ ಹಂತವನ್ನೂ ಮುಗಿಸಿದ್ದೆ. ಅದನ್ನು ಕಲಿತವರು ದೂರದಲ್ಲಿರುವವರಿಗೂ ರೇಖಿ ಕಳಿಸಬಹುದು ಅನ್ನುತ್ತಾರೆ. ಮೈಸೂರಿನಲ್ಲಿರುವ ನನ್ನ ತಂಗಿಗೆ ಮಗಳ ಮದುವೆಯ ಚಿಂತೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. "ಸಂಜೆ ಆರಕ್ಕೆ ಕಳಿಸ್ತೀನಿ, ಕಣ್ಣು ಮುಚ್ಚಿ ಕೂತಿರು" ಅಂದೆ.

ನಮ್ಮವರು ಕೇಳಿಸಿಕೊಂಡರು. "ತಲುಪಿತು ಅನ್ನೋದಕ್ಕೆ ಅಕ್ನಾಲೆಜ್‌ಮೆಂಟ್ ಏನು? ಆಫೀಸಿನ ಪತ್ರದ ಹಾಗೆ ಡೈರಿ ನಂಬರ್ ಇದೆಯೋ?"

ಸಂಜೆ ತರಕಾರಿ ಭಯ್ಯಾನ ಹತ್ತಿರ ಬಟಾಣಿಗೆ ಚೌಕಾಸಿ ಮಾಡುತ್ತ ಆರು ಗಂಟೆ ಮರೆತೇ ಹೋಯಿತು. ಏಳಕ್ಕೆ ಫೋನು ಬಂತು. ತಂಗಿಯ ದನಿಯಲ್ಲಿ ಏನು ನೆಮ್ಮದಿ! "ಅಕ್ಕಾ, ಸರಿಯಾಗಿ ಆರಕ್ಕೆ ತಲೆ ಮೇಲೆ ಬೆಚ್ಚಗೆ ಏನೋ ಇಳಿದ ಹಾಗಾಯ್ತು. ಎಷ್ಟು ದಿನದ ಮೇಲೆ ಅರ್ಧ ಗಂಟೆ ನಿದ್ದೆ ಮಾಡಿದೆ ಕಣೇ!"

ಸುಳ್ಳು ಹೇಳಲಾಗಲಿಲ್ಲ, ನಿಜ ಹೇಳಲು ಮನಸ್ಸಾಗಲಿಲ್ಲ. "ನಾಳೆನೂ ಕಣ್ಣು ಮುಚ್ಚಿ ಕೂತ್ಕೋ" ಅಂದು ಫೋನಿಟ್ಟೆ. ಪಕ್ಕದಲ್ಲೇ ಕೂತಿದ್ದ ನಮ್ಮವರು ನಿಧಾನವಾಗಿ ತಲೆಯಾಡಿಸಿದರು. "ನನ್ನ ಇಡೀ ಸರ್ವೀಸಿನಲ್ಲಿ, ಕಳಿಸದೇ ಇರೋ ಪತ್ರಕ್ಕೆ ಉತ್ತರ ಬಂದದ್ದು ನೋಡಿರಲಿಲ್ಲ."

ಮೂರನೇ ಸಲ

ಮನೆಯಲ್ಲಿ ನಮ್ಮವರ ಮೇಲೆ ಕೈ ಇಡಲು ಹೋದರೆ, "ಒಲೆ ಮೇಲೆ ಹಾಲಿಟ್ಟಿದ್ದೀಯಾ?" ಅಂತ ನನ್ನನ್ನೇ ಎಬ್ಬಿಸಿ ಕಳಿಸುತ್ತಿದ್ದರು. ಹಾಗಾಗಿ ಮೂರನೇ ಸಲ ಕಣ್ಣಾಸ್ಪತ್ರೆಗೆ ಹೊರಟದ್ದೂ ರೇಖಿಯಿಲ್ಲದೆಯೇ. ಇನ್ನೂ ತಡ ಮಾಡಿದರೆ ಪೊರೆ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತದೆ ಎಂದು ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದ್ದರು.

ಹಸಿರು ಗೌನು, ತಲೆಗೆ ಟೋಪಿ ತೊಡಿಸಿ, ಕಣ್ಣಿಗೆ ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸಿದರು. ನರ್ಸ್ ಬಿ.ಪಿ. ನೋಡಿದಳು. ನೂರಾ ಎಂಬತ್ತೆಂಟು. "ಅಂಕಲ್, ಅರ್ಧ ಗಂಟೆ ಬಿಟ್ಟು ಮತ್ತೆ ನೋಡ್ತೀನಿ. ಇಳೀಲಿಲ್ಲ ಅಂದ್ರೆ ಇವತ್ತೂ ಇಲ್ಲ" ಅಂದು ಹೋದಳು.

"ರೀ, ಸ್ವಲ್ಪ ಕೈ ಇಡ್ತೀನಿ" ಅಂತ ಅವರ ತಲೆಯತ್ತ ಕೈ ಚಾಚಿದೆ.

"ನಾಲ್ಕು ಜನರ ಮುಂದೆ ಮಾನ ಕಳೀಬೇಡ, ಸುಮ್ನಿರು."

ಅದೇ ಬೆಂಚಿನಲ್ಲಿ ಹರಿಯಾಣದ ಕಡೆಯ ಒಬ್ಬ ಚೌಧರಿ ಕೂತಿದ್ದರು. ಅವರಿಗೂ ಹಸಿರು ಗೌನು. ಗಿರಿಜಾ ಮೀಸೆಯ ಆರಡಿ ಆಳು, ಆದರೆ ಮೊಣಕಾಲು ಗಡಗಡ ನಡುಗುತ್ತಿತ್ತು. "ಬಾಬೂಜಿ, ಬೆಹೆನ್‌ಜೀ ನಿಮ್ಮ ತಲೆ ಮೇಲೆ ಕೈ ಇಡೋಕೆ ಬಂದದ್ದು ಯಾಕೆ?" ಎಂದು ಹಿಂದಿಯಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಶುರು ಮಾಡಿದರು. ರೇಖಿ ಎಂದರೇನು, ಎಲ್ಲೆಲ್ಲಿ ಕೈ ಇಡಬೇಕು, ಎಷ್ಟು ನಿಮಿಷ, ಮನಸ್ಸು ಹೇಗೆ ತಣ್ಣಗಾಗುತ್ತದೆ, ಎಲ್ಲ ಆಫೀಸಿನ ಶುದ್ಧ ಹಿಂದಿಯಲ್ಲಿ. ವರ್ಷವಿಡೀ ಪಕ್ಕದ ಕೋಣೆಯಿಂದ ಬೊಗಳೆ ಬೊಗಳೆ ಅನ್ನುತ್ತಲೇ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು, ಕಳ್ಳ!

"ಹಾಗಾದ್ರೆ ನಂಗೂ ಕೊಡಿ" ಅಂದರು ಚೌಧರಿ. ನಾನು ಎದ್ದೆ. ಅವರು ನಾಚಿ ಹಿಂದೆ ಸರಿದರು. "ಅಯ್ಯೋ, ನೀವು ಬೇಡ ಬೆಹೆನ್‌ಜೀ. ಬಾಬೂಜಿ ಕೊಡಲಿ."

ನಮ್ಮವರು ಎದ್ದು ನಿಂತರು. ಅಂಗೈ ಉಜ್ಜಿಕೊಂಡು ಚೌಧರಿಯ ಟೋಪಿಯ ಮೇಲೆ ಗಂಭೀರವಾಗಿ ಇಟ್ಟರು. ಗೋಡೆ ಗಡಿಯಾರ ಅವರಿಗೆ ಕಾಣದು. "ಎಷ್ಟಾಯ್ತು ನೋಡೇ" ಅನ್ನುವರು, ನಾನು "ಮೂರಾಯ್ತು" ಅನ್ನುವೆ, ಕೈ ಕೆಳಗಿಳಿಯುವುದು. ಚೌಧರಿಯ ನಡುಕ ನಿಂತಿತು. ನಮ್ಮವರ ಹಣೆಯ ಗಂಟೂ ಬಿಚ್ಚಿತ್ತು, ಅದು ಅವರಿಗೇ ಗೊತ್ತಿರಲಿಲ್ಲ.

ಹೊಟ್ಟೆಯವರೆಗೆ ಬಂದಾಗ ನರ್ಸ್ ಬಂದಳು. ಒಂದು ತೋಳನ್ನು ಅವಳಿಗೆ ಕೊಟ್ಟು, ಇನ್ನೊಂದು ಕೈಯನ್ನು ಚೌಧರಿಯ ಮೇಲಿಂದ ತೆಗೆಯಲೇ ಇಲ್ಲ. ಬಿ.ಪಿ. ನೂರಾ ಮೂವತ್ತನಾಲ್ಕು! ನನಗೆ ಕಣ್ಣು ತುಂಬಿ ಬಂತು.

"ಚಲೋ ಅಂಕಲ್, ಡಾಕ್ಟರ್ ಕಾಯ್ತಿದ್ದಾರೆ."

"ಸ್ವಲ್ಪ ತಾಳಿ" ಅಂದರು ನಮ್ಮವರು. "ಇವರದು ಇನ್ನೂ ಮೊಣಕಾಲು, ಪಾದ ಬಾಕಿ ಇದೆ. ಅರ್ಧಕ್ಕೆ ಬಿಡೋ ಹಾಗಿಲ್ಲ."

ಎರಡು ಸಲ ಹೆದರಿ ವಾಪಸ್ ಬಂದಿದ್ದ ಮನುಷ್ಯ! ನರ್ಸ್ ರಟ್ಟೆ ಹಿಡಿದೇ ಎಳೆಯಬೇಕಾಯಿತು. ಬಾಗಿಲ ಹತ್ತಿರ ತಿರುಗಿ ಚೌಧರಿಗೆ ಅಭಯ ಕೊಟ್ಟರು: "ಚಿಂತೆ ಬೇಡ. ಉಳಿದದ್ದನ್ನು ಇವಳು ಮುಗಿಸ್ತಾಳೆ. ನನ್ನ ಅಸಿಸ್ಟೆಂಟು."

ಎರಡು ಹಂತ ಮುಗಿಸಿದವಳು ನಾನು! ಆದರೂ ಆ ಸಂತೋಷದಲ್ಲಿ ಸಿಟ್ಟು ಬರಲಿಲ್ಲ. ಹೆಂಗಸು ಕಾಲು ಮುಟ್ಟಿದರೆ ಪಾಪ ಎಂದು ಚೌಧರಿ ಹೇಳಿದ್ದರಿಂದ, ಮೊಣಕಾಲಿಗೆ ಒಂದು ಗೇಣು ಮೇಲೆ ಕೈ ಹಿಡಿದು ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಅವರು ಒಂದು ಕಣ್ಣು ತೆರೆದು ಕೇಳಿದರು. "ಬಾಬೂಜಿಯ ಕೈಕೆಳಗೆ ಎಷ್ಟು ವರ್ಷದಿಂದ ಇದ್ದೀರಿ?"

ಮದುವೆಯಾದ ಲೆಕ್ಕ ಹಿಡಿದು, "ಮೂವತ್ತೆಂಟು ವರ್ಷ" ಅಂದೆ.

ಚೌಧರಿ ನನ್ನನ್ನು ತುಂಬಾ ಮರುಕದಿಂದ ನೋಡಿದರು.

"ಇನ್ನೂ ಪ್ರಮೋಷನ್ ಕೊಟ್ಟಿಲ್ವಾ?"