ಮೊಮ್ಮಗಳಿಗೆ ನಾನು ಕಲಿಸಿದ ಮಡಿ

ಮಕ್ಕಳಿಗೆ ಬುದ್ಧಿ ಹೇಳಲು ಹೋಗುವವರ ಮನೆಯಲ್ಲಿ ಫಜೀತಿಗೆ ಎಂದೂ ಬರವಿಲ್ಲ. ನರಗುಂದದಲ್ಲಿ ಇನ್ನೂ ಅರಸರಿದ್ದ ಕಾಲ. ಗಜೇಂದ್ರಗಡದಲ್ಲಿ ನನ್ನದು ಸೀರೆ ಅಂಗಡಿ. ಆರು ವರ್ಷದ ಮೊಮ್ಮಗಳಿಗೆ ಮಡಿ-ಮೈಲಿಗೆ ಕಲಿಸುವ ಹೊಣೆಯನ್ನು ನಾನೇ ಹೊತ್ತಿದ್ದೆ. ಅವಳಿಗೆ ಒಬ್ಬಳೇ ಜೀವದ ಗೆಳತಿ, ನಮಗೆಲ್ಲ ಚಪ್ಪಲಿ ಹೊಲಿದು ಕೊಡುವವನ ಮಗಳು. ಅವರನ್ನು ನಾವು ಮುಟ್ಟುತ್ತಿರಲಿಲ್ಲ. ಆ ಗೆಳೆತನ ಬಿಡಿಸಬೇಕೆಂಬುದೇ ನನ್ನ ಹಟ. ನೆನೆದರೆ ನಗು ಬರುತ್ತದೆ, ಹಿಂದೆಯೇ ನಾಚಿಕೆ.

ನೀರು

ಅಂಥವರಿಗೆ ನೀರನ್ನು ಮೇಲಿಂದ ಹಾಕಬೇಕು, ತಂಬಿಗೆ ಎತ್ತರ ಇದ್ದಷ್ಟೂ ಒಳ್ಳೆಯದು ಎಂದು ಹೇಳಿಕೊಟ್ಟಿದ್ದೆ. ಒಂದು ದಿನ ಕೇಕೆ ಕೇಳಿ ಹೊರಗೆ ಬಂದರೆ ಮೊಮ್ಮಗಳು ತಂಬಿಗೆ ಹಿಡಿದು ಮಾಳಿಗೆ ಏರಿದ್ದಾಳೆ. ಕೆಳಗೆ ಗೆಳತಿ ಬೊಗಸೆಯೊಡ್ಡಿ, ಬಾಯಿ ತೆರೆದು ನಿಂತಿದ್ದಾಳೆ. ಬಾಯಿಗೆ ಬಿದ್ದದ್ದು ಒಂದು ಹನಿ, ಉಳಿದದ್ದೆಲ್ಲ ತಲೆಗೆ. ನಾನು ಗದರಿದಾಗ ಮೊಮ್ಮಗಳು ತಪ್ಪೊಪ್ಪಿಕೊಂಡಳು.

"ಇದಕ್ಕಿಂತಾ ಎತ್ತರ ನಮ್ಮನ್ಯಾಗ ಎಲ್ಲೂ ಇಲ್ಲಜ್ಜಾ."

ಬಿಸಿಲು

ಆ ಹುಡುಗಿಯ ಅಪ್ಪ ನನಗೆ ಹೊಸ ಚಪ್ಪಲಿ ತಂದು ಕಟ್ಟೆಯ ಕೆಳಗಿಟ್ಟು ಹೋದ. ನಾನು ನೀರು ಚಿಮುಕಿಸಿ ಬಿಸಿಲಿಗಿಟ್ಟೆ. ಮೊಮ್ಮಗಳು ಯಾಕೆಂದು ಕೇಳಿದ್ದಕ್ಕೆ, ಒಣಗಿದರೆ ಮೈಲಿಗೆ ಹೋಗುತ್ತದೆ ಎಂದೆ. ಮಧ್ಯಾಹ್ನ ನೋಡಿದರೆ ಚಪ್ಪಲಿಯ ಪಕ್ಕದಲ್ಲೇ ಗೆಳತಿ ಕೂತಿದ್ದಾಳೆ, ತೊಯ್ದು ತೊಪ್ಪೆಯಾಗಿ. ಮೊಮ್ಮಗಳು ಅವಳ ಮೇಲೆ ಒಂದು ಕೊಡ ನೀರು ಸುರಿದಿದ್ದಳು. ಘಳಿಗೆಗೊಮ್ಮೆ ಹೊರಗೆ ಬಂದು "ಒಣಗಿದ್ಯೇನ?" ಎಂದು ಕೇಳುತ್ತಾಳೆ. ಗೆಳತಿ ಲಂಗದ ತುದಿ ಹಿಂಡಿ ನೋಡಿ, "ಇನ್ನೊಂದೀಟ ಐತಿ" ಎನ್ನುತ್ತಾಳೆ.

ಹುಡುಗಿಯನ್ನು ಓಡಿಸಿ, ಒಣಗಿದ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿ, ಬಂದವರಿಗೆಲ್ಲ ಇದನ್ನು ಹೇಳಿ ನಗಿಸಿದೆ. ಚಪ್ಪಲಿಗೆ ಸಿಕ್ಕ ಮಾನ ಆ ಕೂಸಿಗೆ ಸಿಗಲಿಲ್ಲವೆಂದು ನನಗಾಗಲಿ ಗಿರಾಕಿಗಳಿಗಾಗಲಿ ಹೊಳೆಯಲಿಲ್ಲ.

ರೇಶಿಮೆ

ರೇಶಿಮೆಗೆ ಮೈಲಿಗೆ ತಾಗುವುದಿಲ್ಲವೆಂದು ಸೀರೆ ಮಾರುವಾಗ ದಿನವೂ ಹೇಳುವವನು ನಾನೇ. ಮೊಮ್ಮಗಳು ಅದನ್ನೂ ಕೇಳಿಸಿಕೊಂಡಿದ್ದಳು.

ಪಂಚಮಿಯ ದಿನ ಓಣಿಯ ಹುಡುಗಿಯರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ ಉಂಡಿ ಹಂಚುತ್ತಿದ್ದೆ. ಸಾಲಿನ ತುದಿಯಲ್ಲಿ ಒಬ್ಬಳು ನನ್ನ ಹೆಂಡತಿಯ ರೇಶಿಮೆ ಸೀರೆಯನ್ನು ತಲೆಯಿಂದ ಮೂಗಿನವರೆಗೆ ಸುತ್ತಿಕೊಂಡಿದ್ದಳು. ರೋಣದಿಂದ ಬಂದ ಬೀಗರ ಕೂಸು, ಆಟಕ್ಕೆ ಉಟ್ಟಿರಬೇಕು ಎಂದುಕೊಂಡೆ. ಯಾರ ಮಗಳವ್ವಾ ಎಂದು ಗಲ್ಲ ಸವರಿ, ಒಂದರ ಬದಲು ಎರಡು ಉಂಡಿ ಕೈಗಿಟ್ಟೆ.

ಮೊಮ್ಮಗಳು ಚಪ್ಪಾಳೆ ತಟ್ಟಿದಳು. "ರೇಶ್ಮಿಗೆ ಮೈಲಿಗಿ ಇಲ್ಲಂತ ನೀ ಹೇಳಿದ್ದು ಖರೇ ಐತಿ ನೋಡಜ್ಜಾ. ಆಕೀನ ಮುಟ್ಟಿದಿ, ನಿನಗ ಏನೂ ಆಗಿಲ್ಲ."

ಸೆರಗು ಜಾರಿತು. ಚಪ್ಪಲಿಯವನ ಮಗಳು. ಉಂಡಿ ಇಟ್ಟು ಹೋಗೆಂದು ಅರಚಿದೆ. ಒಂದನ್ನು ಆಗಲೇ ಕಚ್ಚಿದ್ದಳು, ಅದನ್ನೂ ಇಟ್ಟಳು. ಸೀರೆ ನೆಲಕ್ಕೆ ತಾಗದಂತೆ ಮಡಚಿ ಮಣೆಯ ಮೇಲಿಟ್ಟು ಹೊರಟುಹೋದಳು. ಹಬ್ಬದ ದಿನ ಕೂಸಿನ ಬಾಯಿಂದ ಉಂಡಿ ಕಸಿದವನು ನಾನು.

ಆಮೇಲೆ ತಣ್ಣೀರು ಸುರಿದುಕೊಂಡು, ಒದ್ದೆ ಧೋತರದಲ್ಲೇ ಅಂಗಳದ ಬಿಸಿಲಿಗೆ ಬಂದು ನಿಂತೆ, ಶ್ರಾವಣದ ಗಾಳಿಗೆ ಗಡಗಡ ನಡುಗುತ್ತ. ಪಕ್ಕದಲ್ಲಿ ನನ್ನ ಚಪ್ಪಲಿ. ಮೊಮ್ಮಗಳು ಹತ್ತಿರ ಬಂದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ನನ್ನ ಧೋತರದ ತುದಿ ಹಿಂಡಿ ನೋಡಿ, ಕನಿಕರದಿಂದ ಕೇಳಿದಳು.

"ಒಣಗಿದ್ಯೇನಜ್ಜಾ? ಆಕೀನ ಕರೀಲೇನ?"

ತಲೆ ಎತ್ತಲಾಗಲಿಲ್ಲ. "ಇನ್ನೂ ಭಾಳ ಐತಿ, ತಂಗಿ" ಎಂದೆ.