ಅಲರ್ಜಿಯ ಡಬ್ಬಿ, ಎನರ್ಜಿಯ ಡಬ್ಬಿ

ನಮ್ಮ ಯಜಮಾನರು ಕಾಯಿಲೆ ಬಂದು ಮಲಗಿದ್ದನ್ನು ಈ ನಲವತ್ತು ವರ್ಷದಲ್ಲಿ ಒಂದು ದಿನವೂ ನಾನು ನೋಡಿಲ್ಲ. ಅವರು ಮಲಗುವುದೆಲ್ಲ ಔಷಧಿ ತಗೊಂಡು! ಅವರ ಹೆಸರು ಮಾತ್ರ ಕೇಳಬೇಡಿ. ನಮ್ಮ ಕಾಲದವರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಇವರಿಗೆ ಮಾತ್ರೆ ಮಾರಿದ ಕುಣಿಗಲ್ಲಿನ ಮೆಡಿಕಲ್ ಸ್ಟೋರಿನವರು ನಗುತ್ತಾರೆ, ಅದು ಬೇರೆ ಮಾತು.

ಕುಣಿಗಲ್ಲಿನಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು ಅವರು. ಮೆಣಸಿನಕಾಯಿ ಪುಡಿ ಮಾಡಿಸಲು ಬಂದವರೆಲ್ಲ ಸೀನುತ್ತ ಆಚೆಗೆ ಓಡಿದರೆ, ಇವರು ಮೂಗಿಗೆ ಟವಲು ಕೂಡ ಕಟ್ಟದೆ ನಗುತ್ತ ನಿಂತಿರುತ್ತಿದ್ದರು. ಗಿರಣಿ ಮುಚ್ಚಿದ್ದೇ ತಡ, ಅಷ್ಟೂ ವರ್ಷ ತಡೆದಿಟ್ಟುಕೊಂಡಿದ್ದ ಸೀನನ್ನೆಲ್ಲ ಆ ಮೂಗು ಹೊರಗೆ ಬಿಡತೊಡಗಿತು. ಊದುಬತ್ತಿ ಹಚ್ಚಿದರೆ ಸೀನು, ಹಾಸಿಗೆ ಕೊಡವಿದರೆ ಸೀನು, ನಾನು ಬೈದರೂ ಸೀನು! ಹೇಗೋ ಸಹಿಸಿಕೊಂಡಿದ್ದೆ.

ಅಷ್ಟರಲ್ಲಿ ನಮ್ಮ ಬಂಗಾರ ಹುಟ್ಟಿತು. ಮಗನ ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟಿದ ಹೆಣ್ಣು ಮಗು! ಆ ಕಣ್ಣೇನು, ಆ ಗುಂಗುರು ಕೂದಲೇನು! ನನಗಂತೂ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿಕೊಳ್ಳುವಷ್ಟು ಸಂತೋಷ. ಬಾಣಂತನ ಸೊಸೆಯ ತವರಾದ ಗುಬ್ಬಿಯಲ್ಲಿ. ಬೀಗಿತ್ತಿ ಫೋನಿನಲ್ಲಿ ಒಂದೇ ಮಾತು ಅಂದರು.

"ಬೀಗ್ರು ಹಿಂಗೆ ಸೀನ್ತಾ ಇದ್ರೆ ಮಗು ಹತ್ರ ಬರೋದು ಬ್ಯಾಡ ಕಣಮ್ಮ. ನಾಮಕರಣದ ಹೊತ್ತಿಗೆ ವಾಸಿ ಮಾಡ್ಕೊಂಡು ಬರ್ಲಿ."

ನಮ್ಮ ಮನೆಯಲ್ಲಿ ಮಗುವನ್ನು ತೊಡೆಯ ಮೇಲಿಂದ ಕೈಯಲ್ಲಿ ಎತ್ತಿಕೊಂಡು ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವರು ತಾತ. ಆ ಎಳೆ ಕಿವಿಗೆ ಹೆಸರಿನ ಬದಲು ಸೀನು ಹೋದರೆ ಗತಿಯೇನು? ಯಜಮಾನರು ಅವತ್ತೇ ಅಲರ್ಜಿ ಮಾತ್ರೆ ತಂದರು. ಜೊತೆಗೆ ಇನ್ನೊಂದು ದೊಡ್ಡ ಡಬ್ಬಿಯೂ ಬಂತು.

"ಇದ್ಯಾಕ್ರೀ?" ಅಂದೆ.

"ವಿಟಮಿನ್ ಕಣೇ. ಎನರ್ಜಿ ಬರುತ್ತೆ. ನಿಂಗೇನ್ ಗೊತ್ತು?"

ಹೌದು, ನಾಲ್ಕನೇ ಕ್ಲಾಸು ಓದಿದ ನನಗೇನು ಗೊತ್ತು! ಆದರೆ ಅಲ್ಲಿಂದ ಮುಂದೆ ನಡೆದದ್ದನ್ನು ಕೇಳಿ. ಅಲರ್ಜಿ ಮಾತ್ರೆ ನುಂಗಿದರೆ ತೂಕಡಿಕೆ. ತೂಕಡಿಕೆ ಬಂದರೆ "ಎನರ್ಜಿ ಕಮ್ಮಿ ಆಗೈತೆ" ಎಂದು ಒಂದು ಸಾಲದೆ ಮೂರು ವಿಟಮಿನ್. ಮೂರು ನುಂಗಿದರೆ ಮುಖ, ಕಿವಿ, ಕತ್ತು ಕೆಂಪಗಾಗಿ ಉರಿ, ತುರಿಕೆ. ತುರಿಕೆ ಬಂದರೆ "ಅಲರ್ಜಿ ಜಾಸ್ತಿ ಆಗೈತೆ" ಎಂದು ಮತ್ತೆ ಅಲರ್ಜಿ ಮಾತ್ರೆ. ಮತ್ತೆ ತೂಕಡಿಕೆ! ಗಿರಣಿಯ ಬೆಲ್ಟೂ ಹೀಗೆ ಸುತ್ತಿದ್ದನ್ನು ನಾನು ಕಾಣೆ. ಇದರ ನಡುವೆ ಕಾಫಿಯೂ ಅರ್ಧ ಲೋಟ ಸಾಕು ಎನ್ನತೊಡಗಿದರು. ಅದೂ ಮಾತ್ರೆಯ ಪಥ್ಯವೇ ಇರಬೇಕು ಎಂದುಕೊಂಡೆ.

ಒಂದು ದಿನ ಮಗುವನ್ನು ಬಾಗಿಲಿನಿಂದಲಾದರೂ ನೋಡಿ ಬರುತ್ತೇನೆಂದು ಒಬ್ಬರೇ ಗುಬ್ಬಿಗೆ ಹೊರಟರು. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಕೂತವರು ಗುಬ್ಬಿಯಲ್ಲಿ ಇಳಿಯಲೇ ಇಲ್ಲ. ಫೋನು ಮಾಡಿದೆ.

"ಎಲ್ಲಿದೀರ್ರೀ? ಬೀಗ್ರು ಕಾಯ್ತಾ ಅವ್ರೆ!"

"ತಿಪಟೂರಲ್ಲಿ ಇದೀನಿ ಕಣೇ."

"ಅಯ್ಯೋ! ಅಲ್ಲೇನ್ ಕೆಲಸ?"

"ಹಂಗೇ... ಕೊಬ್ರಿ ನೋಡೋಣ ಅಂತ ಬಂದೆ."

ಗೊರಕೆ ಹೊಡೆಯುತ್ತ ಹೋಗಿ ಕೊಬ್ಬರಿ ನೋಡುವವರು ಇವರೊಬ್ಬರೇ!

ಹೆಸರು ಹೇಳುವ ಅಭ್ಯಾಸವೂ ನಡೆಯುತ್ತಿತ್ತು. ಸೊಸೆ ಆರಿಸಿದ ಹೆಸರು ಲಾಲಿತ್ಯ. ಮಾತ್ರೆಗೆ ಬಾಯಿ ಒಣಗಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಎಷ್ಟು ಸಲ ಹೇಳಿದರೂ "ಆಆಇತ್ಯ" ಎಂದೇ ಬರುತ್ತಿತ್ತು.

"ಆದಿತ್ಯ ಅಂತೀರಲ್ರೀ! ಹೆಣ್ ಮಗೂಗೆ ಗಂಡ್ ಹೆಸರು ಇಡ್ತೀರಾ?" ಎಂದು ರೇಗಿದೆ. ಅವರು ನನ್ನನ್ನೇ ಬೈಯಲು ಬಾಯಿ ತೆರೆದರು. ಅದೂ ಅಂಟಿಕೊಂಡಿತ್ತು.

ನಾಮಕರಣಕ್ಕೆ ಇನ್ನೊಂದು ವಾರ ಇದೆ ಎನ್ನುವಾಗ ಎರಡೂ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡು, ಇವರನ್ನು ಎಳೆದುಕೊಂಡು ತುಮಕೂರಿನ ಡಾಕ್ಟರಮ್ಮನ ಹತ್ತಿರ ಹೋದೆ. ಆಯಮ್ಮ ಎಲ್ಲ ಕೇಳಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಅಜ್ಜ, ಅಲರ್ಜಿ ಮಾತ್ರೆಯಿಂದ ಎನರ್ಜಿ ಹೋಯ್ತು ಅಂದ್ಕೊಂಡ್ರಿ. ಎನರ್ಜಿ ಮಾತ್ರೆಯಿಂದ ಅಲರ್ಜಿ ಬಂತು ಅಂದ್ಕೊಂಡ್ರಿ. ಬಂದಿದ್ದು ನಿದ್ದೆ, ಆಗಿದ್ದು ಜಾಸ್ತಿ ನುಂಗಿದ್ದರ ಉರಿ. ಎರಡನ್ನೂ ನಿಲ್ಸಿ. ಧೂಳಿನ ಸೀನು ಮಗೂಗೆ ಅಂಟಲ್ಲ. ಕೈ ತೊಳ್ಕೊಂಡು, ಮೂಗಿಗೆ ಬಟ್ಟೆ ಹಿಡ್ಕೊಂಡ್ರೆ ಆಯ್ತು. ಅದಿರ್ಲಿ, ವಿಟಮಿನ್ ಯಾರು ತಗೊಳಕ್ಕೆ ಹೇಳಿದ್ರು? ಯಾಕ್ ಬೇಕಿತ್ತು?"

ಯಾವಾಗಲೂ ವಾದಕ್ಕೆ ನಿಲ್ಲುವ ಮನುಷ್ಯ, ಎರಡೂ ಕೈಯನ್ನು ಟವಲಿನೊಳಗೆ ಸೇರಿಸಿಕೊಂಡು ಎದ್ದು ಹೊರಟೇ ಬಿಟ್ಟರು.

ನಾಮಕರಣದ ದಿನ ಗುಬ್ಬಿಯ ಮನೆ ತುಂಬ ಜನ. ಡಾಕ್ಟರಮ್ಮನ ಮಾತು ಹೇಳಿದರೂ ಬೀಗಿತ್ತಿ ಇವರ ಮೂಗಿನ ಮೇಲಿನ ಕಣ್ಣು ತೆಗೆಯಲಿಲ್ಲ. ಯಜಮಾನರು ಚಕ್ಕಳಮಕ್ಕಳ ಹಾಕಿ ಕೂತರು. ಸೊಸೆ ಬಂಗಾರವನ್ನು ಅವರ ತೊಡೆಗೆ ಹಾಕಿದಳು. ಇನ್ನೇನು ಎತ್ತಿ ಕಿವಿಯ ಹತ್ತಿರ ಬಾಗಬೇಕು, "ಚ್ಛಿ!"

ಸೀನಿದ್ದು ಇವರಲ್ಲ. ಮಗು!

ಶುಭ ಕಾರ್ಯದಲ್ಲಿ ಒಂಟಿ ಸೀನು! ಬೀಗಿತ್ತಿಯ ಮುಖ ಬಿಳಿಚಿಕೊಂಡಿತು. ಸೊಸೆಯ ಕಣ್ಣಲ್ಲಿ ನೀರು. "ಇನ್ನೊಂದು ಸೀನ್‌ಬುಡು ಕಂದಾ" ಎಂದು ಯಾರೋ ಅಜ್ಜಿ ಅಂಗಲಾಚಿದರು. ಮಗುವಿಗೇನು ಗೊತ್ತು, ಬೆರಳು ಚೀಪುತ್ತಿತ್ತು.

ಯಜಮಾನರು ಮುಖ ಆಚೆ ತಿರುಗಿಸಿ, ಟವಲು ಮುಚ್ಚಿಕೊಂಡು, "ಹಾಆಆಕ್ಷೀ!"

ಗಿರಣಿಯ ಮೆಣಸಿನಕಾಯಿಯ ಆಣೆ, ಅಂಥ ಸೀನನ್ನು ನಾನು ಕೇಳಿಲ್ಲ!

"ಜೋಡಿ ಆಯ್ತು!" ಎಂದು ಕೂಗಿದ್ದು ಯಾರು ಗೊತ್ತೇ? ಬೀಗಿತ್ತಿ! "ಒಳ್ಳೇ ಟೈಮಿಗೆ ಒದಗಿದ್ರಿ ಬೀಗ್ರೇ!"

ಎಲ್ಲರೂ ನಗುತ್ತಿದ್ದರು. ಮಗುವನ್ನು ಎತ್ತಿ ಕಿವಿಗೆ ಬಾಯಿ ತರಬೇಕು, ಇವರು ಎತ್ತುತ್ತಲೇ ಇಲ್ಲ. ರೇಗಿಕೊಂಡೇ ಹತ್ತಿರ ಹೋಗಿ ಕೂತೆ.

"ಇನ್ನೇನ್ರೀ ನಿಮ್ದು?"

ನನಗೊಬ್ಬಳಿಗೇ ಕೇಳುವ ಹಾಗೆ ಅಂದರು: "ಕೈ ನಡುಗ್ತಾವೆ ಕಣೇ. ಆರು ತಿಂಗ್ಳಾಯ್ತು. ಬೀಳಿಸ್‌ಬುಟ್ರೆ ಅಂತ ಭಯ. ಅದ್ಕೇ ಆ ಎನರ್ಜಿದು ನುಂಗ್ತಿದ್ದೆ."

ಅರ್ಧ ಲೋಟ ಕಾಫಿ ನೆನಪಾಯಿತು. ಅವರ ಎರಡು ಕೈಯ ಕೆಳಗೆ ನನ್ನ ಎರಡು ಕೈ ಇಟ್ಟೆ.

"ನಡುಗ್ಲಿ ಬುಡಿ. ಎತ್ತಿ."

ನಾಲ್ಕು ಕೈಯಲ್ಲಿ ನಮ್ಮ ಬಂಗಾರ ಮೇಲೆ ಬಂತು. ಅವರು ಬಾಗಿದರು. ನಾಲಿಗೆ ಎಲ್ಲಿಯೂ ಅಂಟಲಿಲ್ಲ.

"ಲಾಲಿತ್ಯ... ಲಾಲಿತ್ಯ... ಲಾಲಿತ್ಯ."